ಅಂಗಳದ ಗ್ಯಾರೇಜು

ಹಾನಗಲ್ಲ ಸೀಮೆಯಲ್ಲಿ ಮಳೆ ಹಿಂದೆಗೆದು ಭತ್ತದ ಗದ್ದೆಗಳು ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ, ಕೆಲವು ಮನೆಗಳ ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತ ಒಂದು ಆಕೃತಿಯ ನೆನಪು ಮನೆಯವರಿಗೆ ಬರುತ್ತದೆ. ಹೊದಿಕೆಯನ್ನು ಎಳೆದು ತೆಗೆದರೆ ಕಾಣುವುದು ದುಂಡುಬೆನ್ನಿನ ಹಳೆಯ ಅಂಬಾಸಡರ್ ಕಾರು. ನಾಲ್ಕು ತಿಂಗಳ ತೇವದಲ್ಲಿ ಚಕ್ರಗಳ ಗಾಳಿ ಇಳಿದಿದೆ. ಬಾಗಿಲಿನ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದು ತುಕ್ಕು ಇಣುಕುತ್ತಿದೆ. ಹಿಂದಿನ ಆಸನದೊಳಗೆ ಇಲಿಗಳು ಸಂಸಾರ ಹೂಡಿವೆ. ಆದರೂ ಬ್ಯಾಟರಿಯನ್ನು ಜೋಡಿಸಿ, ಕಾರ್ಬುರೇಟರಿಗೆ ಹೊಸ ಪೆಟ್ರೋಲು ತೋರಿಸಿ, ಮುಂದಿನಿಂದ ಹ್ಯಾಂಡಲ್ ಹಾಕಿ ನಾಲ್ಕು ಸುತ್ತು ತಿರುವಿದರೆ, ಆ ಇಂಜಿನು ಮೊದಲು ಕೆಮ್ಮುತ್ತದೆ, ಆಮೇಲೆ ಸೀನುತ್ತದೆ, ಕೊನೆಗೆ ಮಾತನಾಡತೊಡಗುತ್ತದೆ. ಆ ಧ್ವನಿಯನ್ನು ಕೇಳಿ ಮನೆಯ ಹಿರಿಯನ ಮುಖದಲ್ಲಿ ಮೂಡುವ ಸಂತೋಷವು ಹೊಸ ಕಾರು ಕೊಂಡವನ ಮುಖದಲ್ಲಿಯೂ ಅಪರೂಪವೆನ್ನಬೇಕು.

ಜಗಳ ಆರಂಭವಾಗುವುದು ಅಲ್ಲಿಂದ ಮುಂದೆ.

"ಅಪ್ಪಾ, ಇದಕ್ಕ ಒಂದು ಡೀಸೆಲ್ ಇಂಜಿನ್ ಕೂಡಿಸಿಬಿಡೋಣು. ಹುಬ್ಬಳ್ಳಿ ಹಾದ್ಯಾಗ ನೂರರ ಮ್ಯಾಲೆ ಓಡತೈತಿ" ಎನ್ನುತ್ತಾನೆ ಮಗ.

"ನಿಮ್ಮಜ್ಜ ಕೊಂಡ ಗಾಡಿ ತಮ್ಮಾ ಇದು. ಒಂದು ಬೋಲ್ಟ್ ಸೈತ ಬದಲಿ ಮಾಡೂದು ಬ್ಯಾಡ" ಎನ್ನುತ್ತಾನೆ ತಂದೆ.

ಕರೆಸಿದ ಮಿಸ್ತ್ರಿ ಇಬ್ಬರ ಮಾತನ್ನೂ ಕೇಳಿ, ಬೀಡಿಯನ್ನು ಗಾಡಿಯಿಂದ ದೂರ ಹೋಗಿ ಆರಿಸಿ ಬಂದು ಹೇಳುತ್ತಾನೆ: "ಯಜಮಾನ್ರ, ಇಂಜಿನ್ ಮಾತು ಆಮ್ಯಾಲೆ ಆಡೂಣ್ರಿ. ಮೊದಲ ಬ್ರೇಕ್ ಬಿಚ್ಚಿ ನೋಡೂಣ್ರಿ."

ಈ ಮೂವರು ಯಾವುದೋ ಒಂದು ಮನೆಯವರಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ಹಳೆಯ ಗಾಡಿಯಿರುವಲ್ಲೆಲ್ಲ ಇಂಥ ಮೂವರನ್ನು ಕಲ್ಪಿಸಿಕೊಳ್ಳಬಹುದು. ತಂದೆಯ ಮಾತಿನಲ್ಲಿ ಮಮತೆಯಿದೆ, ಮಗನ ಮಾತಿನಲ್ಲಿ ಹುರುಪಿದೆ. ಆದರೆ ಗಾಡಿಯೊಳಗೆ ಕುಳಿತುಕೊಳ್ಳುವವರ ಪ್ರಾಣದ ಚಿಂತೆಯಿರುವುದು ಮಿಸ್ತ್ರಿಯ ಮಾತಿನಲ್ಲಿ. ಮನೆಯಲ್ಲಿಯೇ ಹಳೆಯ ಕಾರನ್ನು ದುರಸ್ತಿ ಮಾಡಿ ಅದಕ್ಕೆ ಹೆಚ್ಚಿನ ಕಸುವು ತುಂಬಬೇಕೆನ್ನುವವರು ಯಾವ ಕೆಲಸವನ್ನು ಮೊದಲು ಕೈಗೆತ್ತಿಕೊಳ್ಳಬೇಕು, ಯಾವುದನ್ನು ಕೊನೆಗೆ ಇಡಬೇಕು, ಯಾವುದರ ಗೊಡವೆಗೇ ಹೋಗಬಾರದು ಎಂಬುದೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆ.

ಮೊದಲು ಗಾಡಿಯ ಕುಲಗೋತ್ರವನ್ನು ಅರಿತುಕೊಳ್ಳುವುದು ಒಳ್ಳೆಯದು. ಅಂಬಾಸಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯಿಂದ. ಬಂಗಾಲದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಸಂಸ್ಥೆಯು ೧೯೫೭ರಲ್ಲಿ ಕೈಗೊಂಡ ಅದರ ತಯಾರಿಕೆ ನಿಂತದ್ದು ೨೦೧೪ರಲ್ಲಿ. ೧೯೫೯ರಿಂದ ಅದಕ್ಕೆ ದೊರೆತ ೧೪೮೯ ಘನ ಸೆಂಟಿಮೀಟರಿನ ಪೆಟ್ರೋಲ್ ಇಂಜಿನಿನ ಬಲ ಸುಮಾರು ೫೦ ಅಶ್ವಶಕ್ತಿ. ಅದರ ಪ್ರತಿಸ್ಪರ್ಧಿಯಾದ ಫಿಯೆಟ್ ೧೧೦೦ ಡಿಲೈಟ್ ೧೯೬೪ರಿಂದ ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ೧೯೭೪ರಲ್ಲಿ ಅದಕ್ಕೆ ಪದ್ಮಿನಿಯೆಂದು ನಾಮಕರಣವಾಯಿತು. ೧೦೮೯ ಘನ ಸೆಂಟಿಮೀಟರಿನ ಅದರ ಇಂಜಿನು ಸಣ್ಣದಾದರೂ ಚುರುಕಿನದು. ಮದರಾಸಿನಲ್ಲಿ ೧೯೬೧ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಸೊಗಸೇ ಬೇರೆ. ಮಡಗಾರ್ಡುಗಳ ಸಮೇತ ಇಡಿಯ ಮುಂಭಾಗವೇ ಮುಂದಕ್ಕೆ ಮಗುಚಿಕೊಳ್ಳುವುದರಿಂದ, ಮುಂದಿನ ಚಕ್ರದ ಮೇಲೆ ಕುಳಿತು ಇಂಜಿನಿನ ಕೆಲಸ ಮಾಡಬಹುದು. ಮನೆಗೆಲಸದವರ ಮೇಲೆ ಅಷ್ಟೊಂದು ಕರುಣೆಯುಳ್ಳ ವಿನ್ಯಾಸಗಾರರು ಈಗಿನ ಕಾಲದಲ್ಲಿ ಕಾಣಸಿಗರು.

ಇವುಗಳೊಂದಿಗೆ ಕನ್ನಡನಾಡಿನದೇ ಆದ ಒಂದು ಕಾರನ್ನು ನೆನೆಯದಿದ್ದರೆ ಅಪಚಾರವಾದೀತು. ೧೯೮೨ರಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆ ಹೊರತಂದ ಡಾಲ್ಫಿನ್ ಅದು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ; ೮೪೮ ಘನ ಸೆಂಟಿಮೀಟರಿನ ಪುಟ್ಟ ಅಲ್ಯೂಮಿನಿಯಂ ಇಂಜಿನು, ಗಾಜಿನ ನಾರಿನ ಮೈ. ಮಾರುತಿ ಬಂದ ಮೇಲೆ ಪೇಟೆಯಲ್ಲಿ ಅದು ನಿಲ್ಲಲಾರದೆ ಹೋಯಿತು. ಆದರೆ ರ‍್ಯಾಲಿ ಪಂದ್ಯಗಳಲ್ಲಿ ಅದು ದೊಡ್ಡ ದೊಡ್ಡ ಗಾಡಿಗಳಿಗೆ ಬೆವರಿಳಿಸಿತ್ತು. ಅದರ ಗುಟ್ಟು ಇಂಜಿನಿನಲ್ಲಿರಲಿಲ್ಲ, ಹಗುರವಾದ ಮೈಯಲ್ಲಿತ್ತು. ವೇಗ ಬೇಕೆನ್ನುವವರು ದೊಡ್ಡ ಇಂಜಿನಿಗಾಗಿ ಹಂಬಲಿಸುವ ಮುನ್ನ ಡಿಕ್ಕಿಯಲ್ಲಿ ಇಪ್ಪತ್ತು ವರ್ಷಗಳಿಂದ ಬಿದ್ದಿರುವ ಹಳೆಯ ಕಬ್ಬಿಣವನ್ನು ಕೆಳಗಿಳಿಸುವುದು ಖರ್ಚಿಲ್ಲದ ಸುಧಾರಣೆ.

ಈ ಗಾಡಿಗಳು ಅಂಗಳದಲ್ಲಿ ದುರಸ್ತಿಯಾಗುವುದು ಸಾಧ್ಯವೇಕೆಂದರೆ ಅವುಗಳಲ್ಲಿ ಕಣ್ಣಿಗೆ ಕಾಣದ್ದೇನೂ ಇಲ್ಲ. ಎಲ್ಲವೂ ನಟ್ಟು ಬೋಲ್ಟುಗಳ ವ್ಯವಹಾರ. ಹಳೆಯ ಅಂಬಾಸಡರಿಗೆ ಅಂಗುಲದ ಅಳತೆಯ ಪಾನಾ ಬೇಕು, ಫಿಯೆಟ್ಟಿಗೆ ಮಿಲಿಮೀಟರಿನದು. ಒಂದರ ಪಾನಾ ಇನ್ನೊಂದಕ್ಕೆ ಹತ್ತಿರ ಹತ್ತಿರ ಕೂಡುವುದರಿಂದಲೇ ಬೋಲ್ಟಿನ ತಲೆಗಳು ಸವೆದು ದುಂಡಾಗುವುದು. ಮನೆಯಲ್ಲಿ ಆಗದ ಕೆಲಸಕ್ಕೆ ಲೇತಿನವರಿದ್ದಾರೆ. ಹಿರೇಕೆರೂರಿನಿಂದ ಬಹುದೂರವಲ್ಲದ ಹರಿಹರದಲ್ಲಿ ೧೯೪೧ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಆ ಕಾರ್ಖಾನೆ ಮುಚ್ಚಿದೆ. ಆದರೆ ಅಂಥ ಯಂತ್ರಗಳ ಆಯುಸ್ಸು ಕಾರ್ಖಾನೆಗಳ ಆಯುಸ್ಸಿಗಿಂತ ದೀರ್ಘ. ಅಷ್ಟೇಕೆ, ಕಿರ್ಲೋಸ್ಕರ ಉದ್ಯಮದ ಬೇರು ಇರುವುದೇ ೧೮೮೮ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ತೆರೆದ ಸೈಕಲ್ ಅಂಗಡಿಯಲ್ಲಿ. ಈ ಭಾಗದ ಜನರಿಗೆ ಬಿಚ್ಚಿ ಜೋಡಿಸುವ ವಿದ್ಯೆ ಹೊಸದಲ್ಲ.

ಕೆಲಸಕ್ಕೆ ಕೈಹಾಕುವವರು ಮೊದಲು ನೋಡಬೇಕಾದದ್ದು ಹೊಳಪನ್ನಲ್ಲ, ಅಡಿಯನ್ನು. ಜೀಪಿನಲ್ಲಿ ಮತ್ತು ಹೆರಾಲ್ಡಿನಲ್ಲಿ ಕೆಳಗೆ ಪ್ರತ್ಯೇಕವಾದ ಚಾಸಿ ಇರುತ್ತದೆ. ಮೈ ಅದರ ಮೇಲೆ ಕೂಡುತ್ತದೆ. ಅಂಬಾಸಡರ್ ಮತ್ತು ಫಿಯೆಟ್ಟುಗಳಲ್ಲಿ ಹಾಗಿಲ್ಲ. ಅಲ್ಲಿ ಮೈಯೇ ಚಾಸಿ. ನೆಲದ ತಗಡು, ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ಪೆಟ್ಟಿಗೆಯಂಥ ಭಾಗ, ಇಂಜಿನನ್ನು ಹೊತ್ತ ಮುಂದಿನ ತೋಳುಗಳು, ಇವೆಲ್ಲ ಸೇರಿಯೇ ಗಾಡಿಯ ಬೆನ್ನೆಲುಬು. ಹಾನಗಲ್ಲಿನಂಥ ಅರೆಮಲೆನಾಡಿನಲ್ಲಿ ತೇವವು ಒಳಗಿನಿಂದಲೇ ಈ ಪೆಟ್ಟಿಗೆಗಳನ್ನು ತಿನ್ನುತ್ತದೆ. ಮೇಲೆ ಲಪ್ಪ ಬಳಿದು ಬಣ್ಣ ಹೊಡೆದರೆ ಕಣ್ಣಿಗೆ ಹೊಸ ಗಾಡಿ. ಆದರೆ ಸ್ಕ್ರೂಡ್ರೈವರಿನ ಹಿಡಿಕೆಯಿಂದ ತಟ್ಟಿದರೆ ಗಟ್ಟಿ ತಗಡಿನ ಖಣಿ ಧ್ವನಿಯ ಬದಲು ಮಂಕು ಸದ್ದು ಬರುತ್ತದೆ. ಅಂಥಲ್ಲಿ ತುಕ್ಕು ಹಿಡಿದುದನ್ನು ಪೂರ್ತಿ ಕತ್ತರಿಸಿ, ಸರಿಯಾದ ದಪ್ಪದ ಹೊಸ ತಗಡನ್ನು ಬೆಸೆಯದೆ ಗತ್ಯಂತರವಿಲ್ಲ. ಬಾಗಿಲುಗಳನ್ನು ಕಳಚಿಟ್ಟು ನೆಲವನ್ನು ಕತ್ತರಿಸುವ ಅವಸರದವರೂ ಉಂಟು. ಒಳಗೆ ಆಧಾರದ ಪಟ್ಟಿ ಕೊಡದೆ ಹಾಗೆ ಮಾಡಿದರೆ ಗಾಡಿಯ ನಡು ಬಾಗುತ್ತದೆ. ಆಮೇಲೆ ಬಾಗಿಲುಗಳು ಜನ್ಮದಲ್ಲಿ ಸರಿಯಾಗಿ ಮುಚ್ಚಲಾರವು.

ಗಾಡಿಯ ಅಡಿಗೆ ನುಸುಳುವವರಿಗೆ ಇಲ್ಲಿ ಒಂದು ಮಾತು. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಎಂದಿಗೂ ಮಲಗತಕ್ಕದ್ದಲ್ಲ. ಜಾಕು ಎತ್ತುವ ಸಾಧನ, ಹೊರುವ ಸಾಧನವಲ್ಲ. ಇಟ್ಟಿಗೆಯನ್ನು ಒಟ್ಟಿ ಆಧಾರ ಕೊಡುವುದು ಇನ್ನೂ ಕೆಟ್ಟದ್ದು. ಇಟ್ಟಿಗೆ ಒಡೆಯುವ ಮುನ್ನ ಸೂಚನೆ ಕೊಡುವುದಿಲ್ಲ. ಕಬ್ಬಿಣದ ಮುಕ್ಕಾಲಿ ಸ್ಟ್ಯಾಂಡುಗಳೇ ಬೇಕು, ನೆಲ ಗಟ್ಟಿಯಾಗಿರಬೇಕು. ಬ್ರೇಕಿನ ಡ್ರಮ್ಮು ಬಿಚ್ಚಿದಾಗ ಒಳಗಿನ ಕಪ್ಪು ಧೂಳನ್ನು ಬಾಯಿಂದ ಊದುವ ಅಭ್ಯಾಸವೂ ಬಿಡಬೇಕಾದದ್ದು. ಹಳೆಯ ಬ್ರೇಕ್ ಶೂಗಳ ಪಟ್ಟಿಯಲ್ಲಿ ಕಲ್ನಾರು ಇರುತ್ತಿತ್ತು. ಆ ಧೂಳು ಶ್ವಾಸಕೋಶಕ್ಕೆ ಸೇರಿದರೆ ಹೊರಬರುವುದಿಲ್ಲ. ವರ್ಷಗಳ ಬಳಿಕ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಈಗ ಮಗನ ಆಸೆಯನ್ನು ವಿಚಾರಿಸೋಣ. ಹಳೆಯ ಅಂಬಾಸಡರಿಗೆ ಬೇರೆ ಇಂಜಿನು ಕೂಡಿಸುವುದು ಅಸಾಧ್ಯವಾದ ಮಾತೇನಲ್ಲ. ತಯಾರಕರೇ ೧೯೯೦ರ ದಶಕದಲ್ಲಿ ಅದೇ ಮೈಯೊಳಗೆ ಇಸುಜು ಕಂಪನಿಯ ೧೮೧೭ ಘನ ಸೆಂಟಿಮೀಟರಿನ ಇಂಜಿನನ್ನು ಐದು ಗೇರುಗಳೊಂದಿಗೆ ಕೂಡಿಸಿ ಮಾರಿದ್ದರು. ಫಿಯೆಟ್ ಪ್ರಿಯರು ಪ್ರೀಮಿಯರ್ ೧೧೮ ಎನ್‌ಇ ಕಾರಿನ ನಿಸ್ಸಾನ್ ಇಂಜಿನಿನ ಮೇಲೆ ಕಣ್ಣಿಟ್ಟವರು. ಮದರಾಸಿನ ಬಳಿಯ ಶೋಲಾವರಂ ವಿಮಾನಪಟ್ಟಿಯ ಪಂದ್ಯಗಳಲ್ಲಿ ಒಂದು ಕಾಲಕ್ಕೆ ಓಡುತ್ತಿದ್ದ ಫಿಯೆಟ್ಟು ಹೆರಾಲ್ಡುಗಳ ಇಂಜಿನುಗಳನ್ನು ಅವುಗಳ ಒಡೆಯರು ಬಗೆಬಗೆಯಾಗಿ ತಿದ್ದಿಕೊಂಡಿದ್ದರು. ಸಿಲಿಂಡರ್ ಹೆಡ್ಡನ್ನು ಹೆರೆಸಿ ಒತ್ತಡವನ್ನು ಹೆಚ್ಚಿಸುವುದು, ಗಾಳಿ ಹೋಗಿಬರುವ ದಾರಿಗಳನ್ನು ಉಜ್ಜಿ ನುಣುಪುಗೊಳಿಸುವುದು, ಒಂದರ ಬದಲು ಎರಡು ಕಾರ್ಬುರೇಟರು ಕೂಡಿಸುವುದು, ಇವೆಲ್ಲ ಪರೀಕ್ಷಿಸಿ ನೋಡಿದ ಉಪಾಯಗಳೇ. ಆದರೆ ಪಂದ್ಯದ ಗಾಡಿ ಹತ್ತು ಸುತ್ತು ಓಡಿದರೆ ಸಾಕು. ಮನೆಯ ಗಾಡಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೋಗಿ ಮರಳಿ ಬರಬೇಕು.

ಓಡುವ ಗಾಡಿಯಲ್ಲಿ ಅಡಗಿದ ಶಕ್ತಿಯು ವೇಗದೊಂದಿಗೆ ಸಮಸಮನಾಗಿ ಏರುವುದಿಲ್ಲ, ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ ೬೦ ಕಿಲೋಮೀಟರಿನಲ್ಲಿ ಹೋಗುತ್ತಿದ್ದ ಗಾಡಿ ೮೫ಕ್ಕೆ ಏರಿದರೆ ಸಾಕು, ನಿಲ್ಲಿಸುವಾಗ ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ಎರಡು ಪಟ್ಟಾಗುತ್ತದೆ. ೧೨೦ಕ್ಕೆ ಏರಿದರೆ ನಾಲ್ಕು ಪಟ್ಟು. ಆ ಶಕ್ತಿಯೆಲ್ಲ ಕಾವಾಗಿ ಡ್ರಮ್ಮುಗಳನ್ನು ಸೇರುತ್ತದೆ. ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ; ಪಟ್ಟಿಯ ಹಿಡಿತ ಜಾರುತ್ತದೆ; ಚಾಲಕನ ಪಾದ ಕೆಳಗಿಳಿಯುತ್ತಲೇ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಹಾನಗಲ್ಲಿನಿಂದ ಶಿರಸಿಯ ಮೇಲೆ ಗೋಕರ್ಣಕ್ಕೆ ಹೊರಟವರು ದೇವಿಮನೆ ಘಟ್ಟವನ್ನು ಇಳಿಯುವಾಗ ಇದರ ರುಚಿಯನ್ನು ಕಾಣಬಹುದು. ಯಾವ ಗೇರಿನಲ್ಲಿ ಘಟ್ಟವನ್ನು ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂದು ಹಳೆಯ ಚಾಲಕರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ ೩ ದರ್ಜೆಯ ಹೊಸ ಎಣ್ಣೆ ೨೦೫ ಡಿಗ್ರಿ ಸೆಲ್ಸಿಯಸ್ ಕಾವಿಗಿಂತ ಮೊದಲು ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿ ೧೪೦ಕ್ಕೆ ಇಳಿಯುತ್ತದೆ. ಕುದಿದಲ್ಲಿ ಆವಿಯ ಗುಳ್ಳೆಯೇಳುತ್ತದೆ, ಗುಳ್ಳೆ ಅಮುಕಿಕೊಳ್ಳುತ್ತದೆ, ಪೆಡಲು ನೆಲಕ್ಕೆ ತಾಗುತ್ತದೆ. ಮಳೆಗಾಲವನ್ನೆಲ್ಲ ಅಂಗಳದಲ್ಲಿ ಕಳೆದ ಗಾಡಿಯ ಎಣ್ಣೆ ಯಾವ ಸ್ಥಿತಿಯಲ್ಲಿರಬೇಡ! ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸುವುದಕ್ಕೆ ತಗಲುವ ಖರ್ಚು ಒಂದು ಹೊತ್ತಿನ ಊಟದ ಖರ್ಚಿಗಿಂತ ಬಹಳ ಹೆಚ್ಚೇನಲ್ಲ.

ಹಳೆಯ ಕಾರುಗಳ ಬ್ರೇಕಿನ ವ್ಯವಸ್ಥೆಯಲ್ಲಿ ಮೂಲತಃ ಒಂದು ಕೊರತೆಯಿದೆ. ನಾಲ್ಕು ಚಕ್ರಗಳಿಗೂ ಎಣ್ಣೆ ಹೋಗುವುದು ಒಂದೇ ಮಾಸ್ಟರ್ ಸಿಲಿಂಡರಿನ ಒಂದೇ ಕೋಣೆಯಿಂದ. ಎಲ್ಲಿಯೋ ಒಂದು ಕಡೆ ರಬ್ಬರಿನ ನಳಿಕೆ ಒಡೆಯಿತೆಂದರೆ ನಾಲ್ಕು ಚಕ್ರಗಳ ಬ್ರೇಕೂ ಒಮ್ಮೆಗೇ ಹೋಗುತ್ತದೆ. ಉಳಿಯುವುದು ಕೈಬ್ರೇಕು ಒಂದೇ; ಅದು ಹಿಂದಿನ ಎರಡು ಚಕ್ರಗಳನ್ನು ಮಾತ್ರ ಹಿಡಿಯುತ್ತದೆ, ಅದೂ ತಂತಿ ಸಡಿಲಾಗಿರದಿದ್ದರೆ. ಎರಡು ಕೋಣೆಗಳುಳ್ಳ ಮಾಸ್ಟರ್ ಸಿಲಿಂಡರನ್ನು ಕೂಡಿಸಿ, ಮುಂದಿನ ಮತ್ತು ಹಿಂದಿನ ಚಕ್ರಗಳ ನಳಿಕೆಗಳನ್ನು ಬೇರೆಬೇರೆ ಮಾಡಿದರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಮನೆಯಂಗಳದಲ್ಲಿ ಮಾಡಬಹುದಾದ ಸುಧಾರಣೆಗಳಲ್ಲಿ ಇದಕ್ಕಿಂತ ಮಿಗಿಲಾದದ್ದಿಲ್ಲ. ಹೊರಗೆ ನಿಂತು ನೋಡುವವರಿಗೆ ಇದು ಕಾಣುವುದೂ ಇಲ್ಲ. ಬೇಡವೆನಿಸಿದ ದಿನ ಬಿಚ್ಚಿ ಮೂಲಸ್ಥಿತಿಗೆ ತರಲೂ ಬಹುದು. ಬಹುಶಃ ಕಾಣದ ಕಾರಣದಿಂದಲೇ ಹೆಚ್ಚಿನವರು ಇದನ್ನು ಬಿಟ್ಟು, ಕಾಣುವ ಅಲ್ಲಾಯ್ ಚಕ್ರಗಳಿಗೆ ಹಣ ಸುರಿಯುತ್ತಾರೆ.

ತರುವಾಯದ ಅಂಬಾಸಡರುಗಳಲ್ಲಿ ತಯಾರಕರೇ ಮುಂಚಕ್ರಗಳಿಗೆ ಡಿಸ್ಕ್ ಬ್ರೇಕು ಕೊಟ್ಟಿದ್ದರು. ಅಂಥ ಗಾಡಿಯ ಭಾಗಗಳು ದೊರೆತರೆ, ಹೊಂದಾಣಿಕೆಯನ್ನು ಬಲ್ಲ ಮಿಸ್ತ್ರಿಯಿದ್ದರೆ, ಅದು ಒಳ್ಳೆಯ ಮುಂದಿನ ಹೆಜ್ಜೆ. ಸರ್ವೋ ಎಂಬ ಸಹಾಯಕ ಡಬ್ಬಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದು ಪಾದದ ಶ್ರಮವನ್ನು ಕಡಿಮೆ ಮಾಡುತ್ತದೆಯೇ ಹೊರತು ಡ್ರಮ್ಮಿನ ಕಾವು ತಡೆಯುವ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಮೆತ್ತನೆಯ ಪೆಡಲು ಕೊಡುವ ಧೈರ್ಯ ಅರ್ಧ ಸುಳ್ಳು.

ಶಿಗ್ಗಾವಿಯವರಿಗೆ ಈ ಮಾತುಗಳು ಬೇಗ ಮನದಟ್ಟಾಗುತ್ತವೆ. ಪುಣೆ ಬೆಂಗಳೂರು ಹೆದ್ದಾರಿ ಅವರ ಊರಿನ ಮಗ್ಗುಲಲ್ಲೇ ಹಾಯುತ್ತದೆ. ಹಳೆಯ ಗಾಡಿ ಹುಟ್ಟಿದ ಕಾಲದಲ್ಲಿ ಆ ದಾರಿಯಲ್ಲಿ ಚಕ್ಕಡಿಗಳು ಹೋಗುತ್ತಿದ್ದವು. ಈಗ ಹೋಗುವ ಲಾರಿ ಬಸ್ಸುಗಳ ನಡುವೆ ೬೦ ಕಿಲೋಮೀಟರಿನಲ್ಲಿ ಚಲಿಸುವುದೂ ಒಂದು ಬಗೆಯ ಅಪಾಯವೇ. ಆದ್ದರಿಂದ ಸ್ವಲ್ಪ ಚುರುಕು ಬೇಕೆನ್ನುವ ಮಗನ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಹೆದ್ದಾರಿಗೆ ಇಳಿಯುವ ಮುನ್ನ ಟೈರುಗಳ ವಯಸ್ಸನ್ನು ಓದಿಕೊಳ್ಳಬೇಕು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲಿನ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ತಿಳಿಸುತ್ತವೆ. ಅಪರೂಪಕ್ಕೆ ಓಡುವ ಗಾಡಿಯ ಟೈರಿನ ಹಲ್ಲು ಸವೆಯುವುದಿಲ್ಲ. ರಬ್ಬರು ಮಾತ್ರ ಒಣಗಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಹಳೆಯ ಬಗೆಯ ಟೈರುಗಳನ್ನೂ ರೇಡಿಯಲ್ ಟೈರುಗಳನ್ನೂ ಬೆರೆಸಿ ಹಾಕುವ ಉಳಿತಾಯಕ್ಕೆ ಯಾರೂ ಹೋಗಬಾರದು. ಹಾಕಿದರೆ ನಾಲ್ಕೂ ರೇಡಿಯಲ್, ಇಲ್ಲವಾದರೆ ನಾಲ್ಕೂ ಹಳೆಯವು.

ಸವಣೂರಿನ ಬೇಸಿಗೆಯಲ್ಲಿ ಹಳೆಯ ಗಾಡಿಯ ಕಷ್ಟ ಬೇರೆ. ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಸುರಿದು ಸುರಿದು, ಪಾತ್ರೆಯ ತಳದಲ್ಲಿ ಕಟ್ಟುವಂಥ ಬಿಳಿಯ ಪದರು ನಳಿಗೆಗಳೊಳಗೆ ಕಟ್ಟಿರುತ್ತದೆ. ಗಾಡಿ ಕಾಯುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವುದು ಬಹುಕಾಲದ ರೂಢಿ. ಅದರಿಂದ ಇಂಜಿನು ತನ್ನ ಹದವಾದ ಕಾವಿಗೆ ಬರುವುದು ತಡವಾಗಿ ಒಳಗಿನ ಸವೆತ ಹೆಚ್ಚುತ್ತದೆ. ಮೂಲ ರೋಗ ಹಾಗೆಯೇ ಉಳಿಯುತ್ತದೆ. ರೇಡಿಯೇಟರನ್ನು ಬಿಚ್ಚಿ ತೊಳೆಸಿ, ಖನಿಜರಹಿತ ನೀರನ್ನು ತುಕ್ಕುನಿರೋಧಕ ದ್ರವದೊಂದಿಗೆ ತುಂಬುವುದೇ ಸರಿಯಾದ ಚಿಕಿತ್ಸೆ.

ವಿದ್ಯುತ್ ವ್ಯವಸ್ಥೆಯ ದುರಸ್ತಿಯೂ ಹಗುರವಾಗಿ ಎಣಿಸತಕ್ಕದ್ದಲ್ಲ. ಬ್ರಿಟಿಷ್ ಮೂಲದ ಆ ಕಾಲದ ಗಾಡಿಗಳಲ್ಲಿ ಹೆಚ್ಚೆಂದರೆ ಎರಡು ಫ್ಯೂಸುಗಳಿರುತ್ತಿದ್ದವು. ಮುಂದೀಪಗಳಿಗೆ ಫ್ಯೂಸೇ ಇರುತ್ತಿರಲಿಲ್ಲ. ಅಂಥ ಐವತ್ತು ವರ್ಷದ ತಂತಿಗೆ ಈಗಿನ ಹ್ಯಾಲೊಜನ್ ದೀಪವನ್ನು ನೇರವಾಗಿ ಜೋಡಿಸಿದರೆ ಸ್ವಿಚ್ಚಿನಲ್ಲಿಯೇ ಕಾವೇರಿ ತಂತಿ ಕರಗುತ್ತದೆ. ನಡುವೆ ರಿಲೇ ಮತ್ತು ಫ್ಯೂಸುಗಳನ್ನಿಟ್ಟು ಬ್ಯಾಟರಿಯಿಂದ ಹೊಸ ತಂತಿ ಎಳೆಯಬೇಕು. ಡೈನಮೋ ಗಾಡಿ ನಿಂತಾಗ ವಿದ್ಯುತ್ತು ಕೊಡುವುದಿಲ್ಲ, ಆಲ್ಟರ್ನೇಟರು ಕೊಡುತ್ತದೆ. ಆ ಬದಲಾವಣೆಯೂ ಯೋಗ್ಯವಾದದ್ದೇ. ಆದರೆ ಕೆಲವು ಹಳೆಯ ಗಾಡಿಗಳಲ್ಲಿ ಬ್ಯಾಟರಿಯ ಧನ ತುದಿ ಮೈಗೆ ಜೋಡಣೆಯಾಗಿರುತ್ತದೆ. ಅದನ್ನು ಗಮನಿಸದೆ ಆಲ್ಟರ್ನೇಟರು ಕೂಡಿಸಿದರೆ ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತದೆ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಸ್ಥಾನದಲ್ಲಿ ಎಲೆಕ್ಟ್ರಾನಿಕ್ ಉಪಕರಣ ಕೂಡಿಸಿದವರು ಆ ಹಳೆಯ ಪಾಯಿಂಟುಗಳನ್ನೂ ೦.೦೧೫ ಅಂಗುಲದ ಅಳತೆಪಟ್ಟಿಯನ್ನೂ ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದು ಒಳಿತು. ನಡುದಾರಿಯಲ್ಲಿ ಎಲೆಕ್ಟ್ರಾನಿಕ್ ಉಪಕರಣ ಕೈಕೊಟ್ಟರೆ ಅದನ್ನು ರಿಪೇರಿ ಮಾಡುವವರು ಸಿಗುವುದಿಲ್ಲ. ಪಾಯಿಂಟುಗಳನ್ನು ಉಜ್ಜಲು ಉಗುರಿನ ಅರವಾದರೂ ಸಾಕು.

ಸವಣೂರೆಂದರೆ ದೊಡ್ಡಹುಣಸೆಯ ಮರಗಳು ನೆನಪಾಗುವುದು ಸಹಜ. ಮಠದ ಆವರಣದ ಆ ಮೂರು ಮಹಾವೃಕ್ಷಗಳಲ್ಲಿ ಒಂದು ೨೦೨೩ರ ಮಳೆಗಾಲದಲ್ಲಿ ಉರುಳಿತು. ಅದನ್ನು ಕಡಿದು ಸೌದೆ ಮಾಡದೆ ಎತ್ತಿ ಮರಳಿ ನೆಟ್ಟರು. ಹಳೆಯದನ್ನು ಕೈಬಿಡಲೊಲ್ಲದ ಬುದ್ಧಿ ಆ ಊರಿಗೆ ಕಾರಿನಿಂದ ಬಂದದ್ದಲ್ಲ.

ಇನ್ನು ಹಿರೇಕೆರೂರಿನ ಹೊಲಗಳಲ್ಲಿ ತಲೆದೂಗುವ ಗೋವಿನಜೋಳಕ್ಕೂ ಹಳೆಯ ಕಾರಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ. ಕಬ್ಬಿನಂತೆ ಗೋವಿನಜೋಳದಿಂದಲೂ ಎಥನಾಲ್ ತೆಗೆಯುತ್ತಾರೆ. ೨೦೨೫ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಅದರ ಪಾಲು ನೂರಕ್ಕೆ ೨೦ನ್ನು ಮುಟ್ಟಿತು. ಹೊಲದಲ್ಲಿ ಬೆಳೆದದ್ದು ಅಂಗಳದ ಗಾಡಿಯ ಟಾಕಿಗೆ ಮರಳಿ ಬರುವುದು ರೈತನಿಗೆ ಸಂತೋಷವೇ ಸರಿ. ಗಾಡಿಗೆ ಮಾತ್ರ ಅದು ಒಗ್ಗದ ಆಹಾರ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಪೆಟ್ರೋಲ್ ಪಂಪಿನ ಪರದೆ, ನಳಿಕೆ, ಪ್ಯಾಕಿಂಗುಗಳು ಸೋರತೊಡಗುತ್ತವೆ. ಕಾದ ಇಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಅಲ್ಲದೆ ಅದು ತೇವವನ್ನು ಹೀರುವುದರಿಂದ, ಹಾನಗಲ್ಲಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಟಾಕಿಯಲ್ಲಿ ನೀರು ಬೇರ್ಪಟ್ಟು ತಳಕ್ಕಿಳಿಯುತ್ತದೆ, ತುಕ್ಕನ್ನು ಎಬ್ಬಿಸುತ್ತದೆ. ಎಥನಾಲನ್ನು ತಾಳುವ ಹೊಸ ನಳಿಕೆ ಪರದೆಗಳನ್ನು ಹಾಕುವುದು ಈಗ ಐಷಾರಾಮವಲ್ಲ, ಅಗತ್ಯ.

ಇದಕ್ಕೂ ಹಿಂದೆ ಇಂಥದೇ ಒಂದು ಬದಲಾವಣೆ ಆಗಿಹೋಗಿತ್ತು. ೨೦೦೦ನೆಯ ಇಸವಿಯ ಫೆಬ್ರವರಿಯಿಂದ ದೇಶದ ಪೆಟ್ರೋಲಿನಲ್ಲಿ ಸೀಸ ಬೆರೆಸುವುದು ನಿಂತಿತು. ಜನರ ಆರೋಗ್ಯಕ್ಕೆ ಅದು ಮಹದುಪಕಾರ. ಆದರೆ ಬೀಡುಕಬ್ಬಿಣದ ಹೆಡ್ಡಿನ ಹಳೆಯ ಇಂಜಿನುಗಳಲ್ಲಿ ಆ ಸೀಸವೇ ಹೊಗೆಯ ವಾಲ್ವುಗಳ ಪೀಠಕ್ಕೆ ಮೆತ್ತೆಯಾಗಿತ್ತು. ಅದಿಲ್ಲದೆ ಸತತವಾಗಿ ವೇಗದಲ್ಲಿ ಓಡಿಸಿದರೆ ಪೀಠ ಸವೆದು ವಾಲ್ವು ಒಳಕ್ಕಿಳಿಯುತ್ತದೆ. ಹೊಂದಿಸಿದ ಟ್ಯಾಪೆಟ್ಟಿನ ಸಂದು ಪದೇ ಪದೇ ಕಿರಿದಾಗುತ್ತ ಬಂದರೆ ಅದೇ ಅದರ ಲಕ್ಷಣ. ಹೆಡ್ಡು ಬಿಚ್ಚಿದ ಸಲ ಗಟ್ಟಿ ಲೋಹದ ಪೀಠಗಳನ್ನು ಕೂರಿಸಿದರೆ ಇಂಜಿನಿಗೆ ಇನ್ನೊಂದು ತಲೆಮಾರಿನ ಆಯುಸ್ಸು. ಮಗನಿಗೆ ಬೇಕಾದ ಹುರುಪೂ ಬಹುಮಟ್ಟಿಗೆ ಇಲ್ಲಿಯೇ ಅಡಗಿರುತ್ತದೆ. ಸವೆದ ರಿಂಗು, ಸೋರುವ ವಾಲ್ವು, ಹದಗೆಟ್ಟ ಕಾರ್ಬುರೇಟರುಗಳಿಂದಾಗಿ ೫೦ ಅಶ್ವಶಕ್ತಿಯ ಇಂಜಿನು ತನ್ನ ಶಕ್ತಿಯ ಎಷ್ಟೋ ಪಾಲನ್ನು ಕಳೆದುಕೊಂಡಿರುತ್ತದೆ. ಹೊಸ ಇಂಜಿನನ್ನು ಹುಡುಕುವವರು ತಮ್ಮ ಹಳೆಯ ಇಂಜಿನು ಹೊಸದಾಗಿದ್ದಾಗ ಹೇಗೆ ಓಡುತ್ತಿತ್ತೆಂಬುದನ್ನು ಕಂಡವರಲ್ಲ.

ಕೊನೆಗೆ ಕಾನೂನಿನ ಮಾತು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಇಂಜಿನಿನ ಸಂಖ್ಯೆ ಒಂದಾಗಿ ನೋಂದಣಿ ಪುಸ್ತಕದಲ್ಲಿ ಇನ್ನೊಂದಿದ್ದರೆ ದಂಡವೊಂದೇ ಅಲ್ಲ, ಅಪಘಾತವಾದ ದಿನ ವಿಮೆಯೂ ಕೈಬಿಡುವ ಸಂಭವವುಂಟು. ಇದಕ್ಕಿಂತ ಸೂಕ್ಷ್ಮವಾದದ್ದು ೨೦೨೧ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮ. ಮೊದಲ ನೋಂದಣಿಯಾಗಿ ೫೦ ವರ್ಷ ಮೀರಿದ ಸ್ವಂತ ಬಳಕೆಯ ಗಾಡಿಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ನಿಯಮ ಬಂದಾಗ ಗೊತ್ತುಪಡಿಸಿದ ಶುಲ್ಕ ೨೦,೦೦೦ ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಚಾಸಿ, ಮೈ, ಇಂಜಿನುಗಳು ಮೂಲರೂಪದಲ್ಲಿಯೇ ಇರಬೇಕೆಂಬುದು ಕಟ್ಟಳೆ. ಹಾಗೆ ನೋಂದಣಿಯಾದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಗಳಿಗಲ್ಲದೆ ದಿನನಿತ್ಯ ಓಡಿಸುವಂತೆಯೂ ಇಲ್ಲ.

ಹೀಗಾಗಿ ಮನೆಯವರು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಮೂಲ ಇಂಜಿನನ್ನು ಒಮ್ಮೆ ಗುಜರಿಗೆ ಹಾಕಿದರೆ ಆ ಬಾಗಿಲು ಮುಚ್ಚಿತೆಂದೇ ತಿಳಿಯಬೇಕು. ಧರ್ಮಸ್ಥಳದಲ್ಲಿಯೂ, ೨೦೨೩ರಲ್ಲಿ ಶ್ರೀರಂಗಪಟ್ಟಣದ ಬಳಿ ಆರಂಭವಾದ ‘ಪಯಣ’ದಲ್ಲಿಯೂ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಹಾಕಿದ ಹಳೆಯ ಗಾಡಿಗಳನ್ನು ಕಂಡವರಿಗೆ ಮೂಲರೂಪದ ಬೆಲೆ ಏನೆಂಬುದು ತಿಳಿಯುತ್ತದೆ. ತಂದೆಯ ಹಟಕ್ಕೆ ಇರುವ ಸಮರ್ಥನೆ ಅದೇ. ಆದರೆ ವಸ್ತುಸಂಗ್ರಹಾಲಯದ ಗಾಡಿ ಘಟ್ಟ ಇಳಿಯುವುದಿಲ್ಲ, ಅಂಗಳದ ಗಾಡಿ ಇಳಿಯುತ್ತದೆ. ಒಂದು ಬೋಲ್ಟೂ ಬದಲಾಗಬಾರದೆಂಬ ಹಟದಲ್ಲಿ ಒಂದೇ ಕೋಣೆಯ ಬ್ರೇಕನ್ನು ಉಳಿಸಿಕೊಂಡು ಮೊಮ್ಮಕ್ಕಳನ್ನು ಕೂರಿಸಿಕೊಳ್ಳುವುದು ಅಜ್ಜನ ನೆನಪಿಗೆ ಸಲ್ಲಿಸುವ ಗೌರವವಾಗಲಾರದು.

ಮಿಸ್ತ್ರಿಯ ಮಾತೇ ನಡೆಯಿತೆಂದು ಇಟ್ಟುಕೊಳ್ಳೋಣ. ದೀಪಾವಳಿಯ ಹಿಂದಿನ ಒಂದು ರವಿವಾರ. ಗಾಡಿ ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಂತಿದೆ. ಹೊಸ ಮಾಸ್ಟರ್ ಸಿಲಿಂಡರು ಕೂತಿದೆ, ನಳಿಕೆಗಳು ಬದಲಾಗಿವೆ. ಹಳೆಯ ಸಿಲಿಂಡರನ್ನು ತಂದೆ ಎಣ್ಣೆಯ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಾನೆ. ಮಗ ಚಾಲಕನ ಆಸನದಲ್ಲಿದ್ದಾನೆ. ಮಾಸ್ಟರ್ ಸಿಲಿಂಡರಿಗೆ ಅತಿ ದೂರವಾದ ಹಿಂದಿನ ಚಕ್ರದ ಬಳಿ ತಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಎಣ್ಣೆ ತುಂಬಿದ ಗಾಜಿನ ಬಾಟಲಿಯಲ್ಲಿ ನಳಿಕೆಯ ತುದಿಯನ್ನು ಮುಳುಗಿಸಿ ಹಿಡಿದಿದ್ದಾನೆ. ಮಿಸ್ತ್ರಿ ಪಾನಾ ಹಿಡಿದು ಹೇಳುತ್ತಾನೆ:

"ಒತ್ತ್ರಿ. ಹಿಡದಿರ್ರಿ. ಹಾಂ, ಈಗ ಬಿಡ್ರಿ."

ಬಾಟಲಿಯಲ್ಲಿ ಗುಳ್ಳೆಗಳು ಬಳಬಳನೆ ಏಳುತ್ತವೆ. ಮತ್ತೆ ಒತ್ತುವುದು, ಮತ್ತೆ ಬಿಡುವುದು. ಹತ್ತನೆಯ ಸಲಕ್ಕೆ ಒಂದೇ ಗುಳ್ಳೆ. ಹನ್ನೊಂದನೆಯದಕ್ಕೆ ಒಂದೂ ಇಲ್ಲ.

"ಪೆಡಲ್ ಹೆಂಗೈತೋ ತಮ್ಮಾ?" ಎಂದು ತಂದೆ ಕೆಳಗಿನಿಂದ ಕೂಗುತ್ತಾನೆ.

"ಗಟ್ಟಿ ಆತಪಾ" ಎನ್ನುತ್ತಾನೆ ಮಗ.

ಮಿಸ್ತ್ರಿ ಮೊಳೆಯನ್ನು ಬಿಗಿದು, ಬಾಟಲಿಯನ್ನೆತ್ತಿಕೊಂಡು ಇನ್ನೊಂದು ಹಿಂದಿನ ಚಕ್ರದ ಕಡೆಗೆ ನಡೆಯುತ್ತಾನೆ. ಇನ್ನೂ ಮೂರು ಉಳಿದಿವೆ.